ಜಮಖಾನೆ ಹಿಡಿಯುವ ಕೆಲಸ

ನನಗಿನ್ನೂ ಮೀಸೆ ಸರಿಯಾಗಿ ಬಂದಿಲ್ಲ. ಇಂಥ ವಯಸ್ಸಿನಲ್ಲಿ ನೆನಪು ಬರೆಯಲು ಕೂತರೆ ಹಿರಿಯರು ನಗುತ್ತಾರೆ. ನಗಲಿ. ಅವರು ನಗುವ ಬಗೆಯನ್ನು ನಾನು ಅವರಿಗಿಂತ ಚೆನ್ನಾಗಿ ಮಾಡಿ ತೋರಿಸಬಲ್ಲೆ. ಬೇರೆಯವರ ದನಿ ತೆಗೆಯುವುದೊಂದೇ ನನಗೆ ಬಂದ ವಿದ್ಯೆ. ಬಾಯಿಂದಲೇ ಗಿರಣಿಯ ಭೋಂಗಾ ಊದಿ ನಮ್ಮ ಓಣಿಯ ಗಂಡಸರನ್ನು ಹೊತ್ತಿಗೆ ಮುಂಚೆಯೇ ಬುತ್ತಿ ಹಿಡಿದು ಓಡಿಸಿದ್ದೇನೆ. ದುರ್ಗದಬೈಲಿನಲ್ಲಿ ಉಳ್ಳಾಗಡ್ಡಿ ಮಾರುವ ಮುದುಕಿಯ ಹಿಂದೆ ನಿಂತು ಅವಳದೇ ದನಿಯಲ್ಲಿ ಕೂಗಿದಾಗ, ಅವಳು "ಯಾರಲೇ ಅಂವಾ, ನನ್ನ ಬಾಯಿ ಕದ್ದಂವಾ?" ಎಂದು ತಕ್ಕಡಿ ಎತ್ತಿಕೊಂಡು ಬಂದಿದ್ದಳು. ಬರವಣಿಗೆಯಲ್ಲಿ ಈ ವಿದ್ಯೆ ಉಪಯೋಗಕ್ಕೆ ಬರುವುದಿಲ್ಲ. ಕಾಗದಕ್ಕೆ ಗಂಟಲಿಲ್ಲ.

ನಾನು ಸರ್ಕಸ್ ಕಲಿಯಲು ಹೋದದ್ದೂ ಈ ವಿದ್ಯೆಯಿಂದಲೇ. ಸಾಲೆಯಲ್ಲಿ ಒಮ್ಮೆ ಹೆಡ್‌ಮಾಸ್ತರರ ಕೆಮ್ಮು ಮಾಡಿದೆ. ಕೆಮ್ಮು ಬಹಳ ಛಲೋ ಬಂತು. ಹೆಡ್‌ಮಾಸ್ತರರು ಬಾಗಿಲಲ್ಲಿಯೇ ನಿಂತಿದ್ದರು. ನಾಲ್ಕು ದಿನ ಮನೆಯಲ್ಲಿರು ಅಂದರು. ಮನೆಯಲ್ಲಿ ನನ್ನನ್ನು ಒಂದು ದಿನ ಇಟ್ಟುಕೊಳ್ಳುವುದೂ ಅವ್ವನಿಗೆ ಆಗಲಿಲ್ಲ. "ಇದನ್ನ ಎಲ್ಲೆರೆ ಒಗದು ಬರ್ತೇನಿ," ಅಂದಳು. ಒಗೆದ ಜಾಗ ಸ್ಟೇಶನ್ನಿನ ಹಿಂದಿನ ಜಿನ್ನು.

ಜಿನ್ನು ಅಂದರೆ ಹತ್ತಿಯಿಂದ ಕಾಳು ಬಿಡಿಸುವ ಕಾರ್ಖಾನೆ. ಹುಬ್ಬಳ್ಳಿ, ಧಾರವಾಡ ಎರಡನ್ನೂ ಕಾಗದದ ಮೇಲೆ ಒಂದೇ ಊರು ಮಾಡಿದ ಹೊಸತರ ಕಾಲ ಅದು. ಉಳಿದದ್ದೆಲ್ಲ ಹಳೆಯದೇ ಇತ್ತು, ಜಿನ್ನೂ ಸಹ. ಸುಗ್ಗಿ ಮುಗಿದ ಮೇಲೆ ಅದರ ತಗಡಿನ ಮಾಡು, ಮಾಡಿನೊಳಗಿನ ದೊಡ್ಡ ತೊಲೆಗಳು, ತೊಲೆಗಳ ಮೇಲಿನ ಪಾರಿವಾಳಗಳು, ಎಲ್ಲ ಖಾಲಿ ಕೂತಿರುತ್ತಿದ್ದವು. ಇವುಗಳನ್ನು ಕಾಯಲು ಒಬ್ಬ ಮುದುಕರಿದ್ದರು. ಮಿರಜ ಕಡೆಯವರು. ಬಾಳೆಲ್ಲ ಸರ್ಕಸ್ಸಿನಲ್ಲಿ ಜೋಕಾಲಿಯಿಂದ ಜೋಕಾಲಿಗೆ ಹಾರಿ, ಒಂದು ಸಲ ಹುಬ್ಬಳ್ಳಿಯ ಆಟದಲ್ಲಿ ಹಾರಿದವರು ಆಚೆಯ ಜೋಕಾಲಿಗೆ ಮುಟ್ಟಲಿಲ್ಲ. ಭುಜ ಮುರಿಯಿತು. ಸರ್ಕಸ್ಸು ಮುಂದಿನ ಊರಿಗೆ ಹೋಯಿತು, ಇವರು ಉಳಿದರು. ಭುಜ ಕೂಡಿದ ಮೇಲೂ ಯಾಕೆ ಹೋಗಲಿಲ್ಲವೆಂದು ಕೇಳಿದರೆ "ಇಲ್ಲೆ ಮಿರ್ಚಿಭಜಿ ಛಲೋ ಸಿಗತಾವ" ಅನ್ನುತ್ತಿದ್ದರು. ಎಲ್ಲರೂ ಅವರನ್ನು ಮಾಸ್ತರ ಅನ್ನುತ್ತಿದ್ದರು.

ಮಾಸ್ತರರು ಒಂದು ದಿನ ನಮ್ಮ ಓಣಿಗೆ ಬಂದು, ಗಿರಣಿಯ ಮಕ್ಕಳಿಗೂ ರೇಲ್ವೆ ವರ್ಕ್‌ಶಾಪಿನವರ ಮಕ್ಕಳಿಗೂ ಸರ್ಕಸ್ ಕಲಿಸುತ್ತೇನೆ, ಫೀ ಇಲ್ಲ, ಅಂದರು. ಫೀ ಇಲ್ಲ ಅಂದ ಕೂಡಲೇ ಓಣಿಗೆ ಸಂಶಯ ಬಂತು. ಮಕ್ಕಳನ್ನು ಸರ್ಕಸ್ಸಿಗೆ ಮಾರುತ್ತಾರೆ ಅಂದರು ಕೆಲವರು. ಎಲುಬು ಮೆತ್ತಗಾಗಲೆಂದು ಏನೋ ಹುಳಿನೀರು ಕುಡಿಸುತ್ತಾರೆ ಅಂದರು ಇನ್ನು ಕೆಲವರು. ನಮ್ಮವ್ವ ನನ್ನ ತೋಳು ಹಿಡಿದುಕೊಂಡೇ ಹೋಗಿ ನೇರವಾಗಿ ಕೇಳಿದಳು.

"ಎಲುಬು ಮೆತ್ತಗ ಮಾಡಾಕ ಏನ ಕುಡಸ್ತೀರಿ?"

"ಚಹಾ."

"ಚಹಾಕ್ಕ ಎಲುಬು ಮೆತ್ತಗ ಆಗತಾವೇನ್ರಿ?"

"ನನ್ನವು ಆಗಿಲ್ಲವಾ. ಮುರದವು."

ಅವ್ವ ನನ್ನ ತೋಳು ಬಿಟ್ಟಳು. ಅದು ಒಪ್ಪಿಗೆ.

ಆಮೇಲೆ ಮಾಸ್ತರರು ತಮ್ಮ ಶರತ್ತು ಹೇಳಿದರು. ಫೀ ಬೇಡ, ಕೈ ಬೇಕು. ಸರ್ಕಸ್ಸಿನಲ್ಲಿ ಜೋಕಾಲಿಯ ಕೆಳಗೆ ಬಲೆ ಇರುತ್ತದೆ. ನಮಗೆ ಬಲೆ ಎಲ್ಲಿಂದ ಬರಬೇಕು? ಮುಚ್ಚಿಹೋದ ಒಂದು ನಾಟಕ ಕಂಪನಿಯಿಂದ ಅವರು ಒಂದು ಹಳೆಯ ಜಮಖಾನೆ ತಂದಿದ್ದರು. ಜನ ಕೂತು ನಾಟಕ ನೋಡಲು ಹಾಸುತ್ತಿದ್ದ ಜಮಖಾನೆ, ದಪ್ಪ, ಅಂಗಳದಷ್ಟು ದೊಡ್ಡದು. ಅದರ ಅಂಚಿಗೆ ಸುತ್ತಲೂ ಹಗ್ಗದ ಕುಣಿಕೆ ಹೊಲಿಸಿದ್ದರು. ಕುಣಿಕೆಗಳಲ್ಲಿ ಕೈ ಹಾಕಿ ಜನ ಸುತ್ತಲೂ ನಿಂತು ಎಳೆದು ಹಿಡಿದರೆ ಅದೇ ಬಲೆ.

"ಯಾವ ಕೂಸು ಮ್ಯಾಲ ಹೋಗತದ, ಆ ಕೂಸಿನ ಮನಿಯವರ ಒಂದು ಜೋಡಿ ಕೈ ಕೆಳಗ ಇರಬೇಕು," ಅಂದರು. "ಮನಿ ಕೈ ಇಲ್ಲ ಅಂದ್ರ ಮ್ಯಾಲ ಹೋಗೂದಿಲ್ಲ. ನೆಲದ ಮ್ಯಾಲ ಏನ ಬೇಕಾದ್ದು ಕಲೀರಿ."

"ಯಾರ ಹಿಡದ್ರೇನ್ರಿ? ಜಮಖಾನಿ ಅದಽ ಅಲ್ಲ?" ಅಂದಳು ಅವ್ವ.

"ಪಗಾರಕ್ಕ ಬಲಿ ಕಟ್ಟಿದಂವಾ ಆಟಾ ನೋಡತಾನ. ನಾ ಬಿದ್ದ ದಿವಸ ಅಂವಾ ಬಾಯಿ ತಗದು ಮ್ಯಾಲ ನೋಡಾಕತ್ತಿದ್ದ. ಹಡದವರು ಹಂಗ ನೋಡೂದಿಲ್ಲ. ಹಡದವರು ಕೂಸು ಎಲ್ಲೆ ಬೀಳತದ ಅಂತ ನೋಡತಾರ."

ಈ ಶರತ್ತಿನ ಪರಿಣಾಮ ಸ್ವಲ್ಪ ವಿಚಿತ್ರವಾಗಿತ್ತು. ದೇಶಪಾಂಡೆ ನಗರದಿಂದ ಒಬ್ಬ ವಕೀಲರು ಮಗನನ್ನು ಕರೆದುಕೊಂಡು ಬಂದರು. ಹಿಂದೆ ಅವರ ಆಳು ಛತ್ರಿ ಹಿಡಿದು ನಿಂತಿದ್ದ. ಮಳೆ ಇರಲಿಲ್ಲ.

"ಹಿಡ್ಯಾಕ ನಮ್ಮ ಆಳಿನ್ನ ಕಳಸ್ತೇನ್ರಿ," ಅಂದರು ವಕೀಲರು. "ಗಟ್ಟಿಮುಟ್ಟ ಇದ್ದಾನ."

"ಭಾಳ ಛಲೋ ಆತು. ಹಂಗಾದ್ರ ಆಳಿನ ಮಗಾ ಹಾರ್ಲಿ."

"ನನಗ ಕೋರ್ಟ ಇರತದ ನೋಡ್ರಿ."

"ಇವರಿಗೆ ಗಿರಣಿ ಇರತದ."

ವಕೀಲರು ಇದಕ್ಕೆ ಏನೋ ಕಾಯಿದೆಯ ಮಾತು ಹುಡುಕಿದರು, ಸಿಗಲಿಲ್ಲ. ಮಗನನ್ನು ಕರೆದುಕೊಂಡು ಹೋದರು. ಮರುದಿನದಿಂದ ಆಳಿನ ಮಗ ಬರತೊಡಗಿದ.

ಮೊದಲ ಕೆಲವು ದಿನ ಮಾಸ್ತರರು ಮಕ್ಕಳಿಗೆ ಏನೂ ಕಲಿಸಲಿಲ್ಲ. ಕಲಿಸಿದ್ದೆಲ್ಲ ಹಡೆದವರಿಗೆ. ಮೊದಲ ಪಾಳಿಯ ಭೋಂಗಾ ಆದ ಮೇಲೆ (ಖರೇ ಭೋಂಗಾ, ನನ್ನದಲ್ಲ) ಗಿರಣಿಯವರು ತಲೆಯ ಮೇಲಿನ ಅರಳೆ ಕೊಡವಿಕೊಳ್ಳದೆ ಹಾಗೆಯೇ ಬರುತ್ತಿದ್ದರು. ಹೆಂಗಸರು ಮನೆಗೆಲಸವನ್ನೂ ತರಬಹುದು ಎಂದು ಮಾಸ್ತರರು ಹೇಳಿದ್ದರಿಂದ ಅವ್ವ ಮೊರದಲ್ಲಿ ಜೋಳ ತಂದು ತನ್ನ ಸರದಿ ಬರುವವರೆಗೆ ಹಸನು ಮಾಡುತ್ತಿದ್ದಳು. ಕೈಗೂಸುಗಳು ಮೂಲೆಯ ಅರಳೆಯ ಗುಡ್ಡೆಯಲ್ಲಿ ಮಲಗುತ್ತಿದ್ದವು. ಎಲ್ಲರೂ ಕುಣಿಕೆ ಹಿಡಿದು ನಿಂತ ಮೇಲೆ ಮಾಸ್ತರರು ತೊಲೆಯ ಮೇಲಿಂದ ಹತ್ತಿಕಾಳಿನ ಒಂದು ಚೀಲ ಕೆಡವಿದರು.

ಎಲ್ಲರೂ ಕುಣಿಕೆ ಬಿಟ್ಟು ಹಿಂದಕ್ಕೆ ಹಾರಿದರು. ಚೀಲ ನೆಲಕ್ಕೆ ಬಿದ್ದು ಬಿರಿಯಿತು.

ಮಾಸ್ತರರು ಇಳಿದು ಬಂದು ನೋಡಿದರು. "ನಿಮ್ಮ ಕೂಸು ಒಡದು ಹೋತು," ಅಂದರು, ಕಸಬರಿಗೆ ತೆಗೆದುಕೊಂಡರು.

ಎರಡನೆಯ ಸಲ ಎಲ್ಲರೂ ಬಿಟ್ಟರು, ಅವ್ವ ಮಾತ್ರ ಬಿಡಲಿಲ್ಲ. ಚೀಲ ಬಿದ್ದ ರಭಸಕ್ಕೆ ಒಳಗೆ ಎಳೆದುಕೊಂಡು ಹೋದಳು. ನೋಡಿದರೆ ಜಮಖಾನೆಯ ನಡುವೆ ಅವ್ವನೂ ಚೀಲವೂ ಒಟ್ಟಿಗೆ ಕೂತಿದ್ದರು. "ಹೀಂಗ," ಅಂದರು ಮಾಸ್ತರರು, "ಆದ್ರ ಹೊರಗ ನಿಂತು." ಬರಬರುತ್ತ ಹಿಡಿಯುವುದು ಬಂತು. ಹಿಂದಕ್ಕೆ ವಾಲಿ ನಿಲ್ಲಬೇಕು, ಭಾರ ಬಿದ್ದಾಗ ಸ್ವಲ್ಪ ಸೋಲಬೇಕು, ಬಿಡಬಾರದು. ವರ್ಕ್‌ಶಾಪಿನವರು ಎಂಜಿನ್ನು ಎಳೆಯುವವರಂತೆ ಹಿಡಿದರು. ಅವ್ವ ನನ್ನ ಜುಟ್ಟು ಹಿಡಿಯುವಂತೆ ಹಿಡಿದಳು. ಒಬ್ಬೊಬ್ಬರ ಹಿಡಿತವನ್ನೂ ನಾನು ಮಾಡಿ ತೋರಿಸುತ್ತಿದ್ದೆ, ಅವರೆದುರಿಗೇ.

ನನ್ನ ಸ್ವಂತ ಹಾರಾಟದ ಬಗ್ಗೆ ಹೆಚ್ಚು ಬರೆಯುವಂತಿಲ್ಲ. ಹಗ್ಗ ಹಿಡಿದು ಮೇಲೆ ಹತ್ತಿದೆ, ಜೋಕಾಲಿ ಹಿಡಿದೆ, ಜೋಕಾಲಿ ತೂಗಿತು. ಮಾಸ್ತರರು "ಬಿಡು" ಅಂದರು. ನಾನೂ "ಬಿಡು" ಅಂದೆ, ಅವರದೇ ದನಿಯಲ್ಲಿ. "ಲೇ, ಬಿಡೋ" ಅಂದರು. "ಲೇ, ಬಿಡೋ" ಅಂದೆ. ಕೆಳಗೆ ಅವ್ವ "ಬಿಡಲಿಲ್ಲಂದ್ರ ಮನಿಗೆ ಬಾ, ಐತಿ ನಿನಗ" ಅಂದಳು. ಅದನ್ನೂ ಅಂದೆ. ಜೋಕಾಲಿ ತಾನಾಗಿ ನಿಂತ ಮೇಲೆ ಹಗ್ಗದ ಮೇಲಿಂದ ಜಾರಿ ಇಳಿದೆ.

"ನೀ ಜೋಕರ ಆಗು," ಅಂದರು ಮಾಸ್ತರರು.

"ಯಾಕ್ರಿ?"

"ಜೋಕರನ ಕೆಲಸಾ ಎಲ್ಲಾದಕ್ಕಿಂತ ಕಠಿಣ. ಅದೂ ನಿನಗ ಬರೂದಿಲ್ಲ. ಆದ್ರ ಅದನ್ನ ನೆಲದ ಮ್ಯಾಲ ಮಾಡತಾರ."

ನಮ್ಮಲ್ಲಿ ನಿಜವಾಗಿ ಹಾರಬಲ್ಲವಳು ಒಬ್ಬಳೇ ಇದ್ದಳು, ಮತ್ತು ಅವಳೊಬ್ಬಳಿಗೇ ಮೇಲೆ ಹೋಗಲು ಪರವಾನಗಿ ಇರಲಿಲ್ಲ. ದುರ್ಗದಬೈಲಿನ ಹತ್ತಿರ ಸೈಕಲ್ ರಿಪೇರಿ ಅಂಗಡಿ ಇಟ್ಟವರ ಮಗಳು. ನನ್ನಷ್ಟೇ ವಯಸ್ಸು, ನನ್ನರ್ಧ ಮಾತು. ಆಳೆತ್ತರದಲ್ಲಿ ಒಂದು ಸಣ್ಣ ಜೋಡಿ ಜೋಕಾಲಿ ಕಟ್ಟಿದ್ದರು, ಕೆಳಗೆ ಅರಳೆ ಹಾಸಿ. ಅದಕ್ಕೆ ಕೈಗಳ ಶರತ್ತು ಇರಲಿಲ್ಲ. ಅದರ ಮೇಲೆ ಅವಳು ಒಂದು ಜೋಕಾಲಿ ಬಿಟ್ಟು, ಗಾಳಿಯಲ್ಲಿ ಮೈ ತಿರುಗಿಸಿ, ಇನ್ನೊಂದನ್ನು ಹಿಡಿಯುತ್ತಿದ್ದಳು, ಗೂಟದ ಮೇಲಿನ ಅಂಗಿ ತೆಗೆದುಕೊಂಡಷ್ಟು ಸರಾಗವಾಗಿ. ಮಾಸ್ತರರು ನೋಡಿ ಏನೂ ಅನ್ನುತ್ತಿರಲಿಲ್ಲ. ಏನೂ ಅನ್ನದಿರುವುದೇ ಅವರ ಹೊಗಳಿಕೆ. ನನಗೆ ದಿನಾ ಬೇಕಾದಷ್ಟು ಅನ್ನುತ್ತಿದ್ದರು.

ಉಳಿದ ಮಕ್ಕಳು ದೊಡ್ಡ ಜೋಕಾಲಿಗೆ ಹೋದಾಗ ಅವಳು ಕೆಳಗೆ ನಿಂತು ಕುಣಿಕೆ ಹಿಡಿಯುತ್ತಿದ್ದಳು. ಕತ್ತು ಮಾತ್ರ ಮೇಲಿರುತ್ತಿತ್ತು. ಮಾಸ್ತರರು "ಕೆಳಗ ನೋಡು" ಅನ್ನುವರು. ನೋಡುವಳು. ಮತ್ತೆ ಕತ್ತು ಮೇಲೆ.

ಅವಳ ತಾಯಿ ಬಾಣಂತಿ, ಬರುವಂತಿರಲಿಲ್ಲ. ಒಂದು ದಿನ ಅವಳು ಅಜ್ಜಿಯನ್ನು ಕರೆತಂದಳು. ಅಜ್ಜಿ ಬಂದು, ನೆಲದ ಮೇಲೆ ಬಿಚ್ಚಿದ ಜಮಖಾನೆ ನೋಡಿ, ಚಪ್ಪಲಿ ಕಳೆದು, ನಡುವೆ ಹೋಗಿ ಕೂತುಬಿಟ್ಟಳು. ಎಲೆ ಅಡಿಕೆಯ ಚೀಲ ತೆಗೆದಳು.

"ದಾದಿ, ಏಳ್ರಿ. ಇದು ಹಿಡ್ಯಾಕ," ಅಂದಳು ಮೊಮ್ಮಗಳು ಅಜ್ಜಿಗೆ.

"ಜಮಖಾನಿ ಹಾಸ್ಯಾರ, ಕುಂತೇನಿ. ಹಿಡ್ಯಾಕಂದ್ರ ಏನ ಹಿಡೀಲಿ?"

"ನಾ ಮ್ಯಾಲಿಂದ ಬೀಳತೇನಿ, ನೀವು ಹಿಡೀಬೇಕು."

ಅಜ್ಜಿ ತೊಲೆಯನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು. "ಯಾಕ ಬೀಳತಿ?" ಅಂದಳು. ಮಾಸ್ತರರು ಅಜ್ಜಿಗೆ ಚಹಾ ತರಿಸಿದರು, ಆದರೆ ಅಜ್ಜಿಯ ಕೈಗಳನ್ನು ಕೈ ಎಂದು ಒಪ್ಪಲಿಲ್ಲ.

ಉಳಿದವರು ಅವಳ ತಂದೆ. ಅವರು ಯಾರ ಮೇಲೂ ಭರವಸೆ ಇಡದ ಮನುಷ್ಯ ಎಂಬುದು ಪೇಟೆಗೆಲ್ಲ ಗೊತ್ತಿತ್ತು. ಅವರ ಅಂಗಡಿಯಲ್ಲಿ ಗಿರಾಕಿ ತಾನೇ ಗಾಳಿ ಹೊಡೆದುಕೊಳ್ಳುವಂತಿರಲಿಲ್ಲ. ಪಂಪಿಗೆ ಕೈ ಹಾಕಿದರೆ "ಬಿಡ್ರಿ, ಟೂಬು ನಿಮ್ಮದಾದ್ರೂ ಗಾಳಿ ನಂದು" ಅನ್ನುತ್ತಿದ್ದರು. ಜಿನ್ನಿಗೆ ಬರುವುದಿಲ್ಲವೆಂದು ಅವರು ಮಗಳಿಗೆ ಹೇಳಿಬಿಟ್ಟಿದ್ದರು. ಅವಳು ಸಿಟ್ಟು ಮಾಡಲಿಲ್ಲ, ಅಳಲೂ ಇಲ್ಲ. ಅಂಗಡಿಯಲ್ಲಿ ಟಾಯರು ತೂಗುಹಾಕುವ ಕೊಂಡಿಗೆ ಜೋತುಬಿದ್ದಳು. ಅವರು ಕೊಂಡಿ ಕಿತ್ತರು. ಬಾಗಿಲ ಚೌಕಟ್ಟಿಗೆ ಜೋತುಬಿದ್ದಳು. ಚೌಕಟ್ಟು ಕೀಳಲು ಬರುವುದಿಲ್ಲ.

ಮಾತು ಬಲ್ಲವನೆಂದು ಮಾಸ್ತರರು ನನ್ನನ್ನು ರಾಯಭಾರಕ್ಕೆ ಕಳಿಸಿದರು. ನಾನು ಅಂಗಡಿಯ ಮುಂದೆ ಕೂತು ಪೇಟೆಯವರನ್ನೆಲ್ಲ ಮಾಡಿ ತೋರಿಸಿದೆ. ಅಂಚೆಯವನ ಗಂಟೆ ಮಾಡಿದೆ, ಟಾಂಗಾದವನ ಬೈಗುಳ ಮಾಡಿದೆ, ಪಕ್ಕದ ಅಂಗಡಿಯ ಶೆಟ್ಟರ ಆಕಳಿಕೆ ಮಾಡಿದೆ. ಶೆಟ್ಟರು ಒಳಗಿನಿಂದ ಖರೇನೇ ಆಕಳಿಸಿದರು. ಸುತ್ತಲಿನವರು ನಕ್ಕರು. ಅವಳ ತಂದೆ ಒಂದು ಸ್ಪೋಕು ಬಿಗಿಯುತ್ತಿದ್ದರು, ಬಿಗಿದು ಮುಗಿಸಿ, ಗಾಲಿ ತಿರುಗಿಸಿ ನೋಡಿ, ಆಮೇಲೆ ನನ್ನನ್ನು ನೋಡಿದರು.

"ಎಲ್ಲಾರದೂ ಮಾಡತಿ. ನಿಂದ್ಯಾವದು?"

ನಾನು ಎದ್ದು ಬಂದೆ. ರಾಯಭಾರ ಅಲ್ಲಿಗೆ ಮುಗಿಯಿತು.

ಎರಡು ದಿನ ಬಿಟ್ಟು ಅವ್ವ ಹೋದಳು. ಯಾರೂ ಕಳಿಸಿರಲಿಲ್ಲ. ನಾನು ಹಿಂದೆ ಹಿಂದೆ ಹೋಗಿದ್ದೆ. ಅವ್ವ ಅಂಗಡಿಯ ಮೆಟ್ಟಿಲಿಗೂ ಕಾಲಿಡದೆ ಬೀದಿಯಲ್ಲೇ ನಿಂತು ಹೇಳಿದಳು:

"ಅಣ್ಣಾರ, ನಿಮ್ಮ ಮಗಳು ದಿನಾ ನನ್ನ ಮಗನ ಸಲುವಾಗಿ ಜಮಖಾನಿ ಹಿಡ್ಯಾಕ ನಿಲ್ಲತಾಳ. ನನ್ನ ಮಗಾ ಹಾರೂದಿಲ್ಲ, ಅಂಜುಬುರಕ ಅದು, ಆ ಮಾತು ಬ್ಯಾರೆ. ನಾವೆಲ್ಲಾ ಆಕಿ ಸಲುವಾಗಿ ಹಿಡಿತೇವಿ ಅಂದ್ರ ಮಾಸ್ತರ ಬಿಡವಲ್ಲರು. ಆಕಿ ನಮ್ಮ ಮಕ್ಕಳ್ನೆಲ್ಲಾ ಹಿಡದು ಮನಿಗೆ ಬರತಾಳ. ಆಕಿನ್ನ ಹಿಡಿಯೋರು ಯಾರೂ ಇಲ್ಲ. ಇಷ್ಟ ಹೇಳೂದಿತ್ತು."

ಹೇಳಿ ತಿರುಗಿ ನಡೆದಳು. ಬೆನ್ನ ಹಿಂದೆ ಸ್ಪ್ಯಾನರು ಕೆಳಗಿಟ್ಟ ಸಪ್ಪಳ ಕೇಳಿತು.

"ಬಾಯಾರ," ಅಂದರು ಅವರು. "ಶುಕ್ರವಾರ ಅಂಗಡಿ ಬಂದ್ ಇರತೈತಿ. ನಮಾಜ್ ಮುಗಿಸಿ ಬರತೇನಿ. ಒಮ್ಮೆ ಅಷ್ಟಽ. ಪಸಂದ ಬರಲಿಲ್ಲಂದ್ರ ಮುಂದ ಆಕಿ ಜಿನ್ನಿನ ಮಾರಿ ನೋಡಬಾರದು. ಆಕಿನೂ ಕೇಳ್ಲಿ ಇದನ್ನ."

ಒಳಗೆ ಚೌಕಟ್ಟಿಗೆ ಜೋತುಬಿದ್ದಿದ್ದ ಮಗಳು "ಹೂಂ" ಅಂದಳು.

ಶುಕ್ರವಾರ ಅವರು ಬಿಳಿ ಜುಬ್ಬಾ ತೊಟ್ಟು, ಅತ್ತರಿನ ವಾಸನೆಯೊಂದಿಗೆ ಬಂದರು. ಬಂದವರು ಮಗಳನ್ನೂ ನೋಡಲಿಲ್ಲ, ಮಾಸ್ತರರನ್ನೂ ಮಾತಾಡಿಸಲಿಲ್ಲ. ಜಮಖಾನೆಯ ಸುತ್ತ ಒಂದು ಸುತ್ತು ಬಂದು ಪ್ರತಿ ಕುಣಿಕೆಯನ್ನೂ ಜಗ್ಗಿ ನೋಡಿದರು. ವರ್ಕ್‌ಶಾಪಿನವರ ಮಗ್ಗುಲಿನ ಹತ್ತಿರ ಒಂದು ಕುಣಿಕೆಯ ಹೊಲಿಗೆ ಸಡಿಲಿತ್ತು. "ಇದು ಆಗೂ ತನಕ ಸುರು ಇಲ್ಲ," ಅಂದರು. ಅವ್ವ ದಬ್ಬಣ ತೆಗೆದು ಹೊಲಿದಳು. ಎಲ್ಲರೂ ಕಾದರು. ಯಾರೋ ಹಿಂದಿನಿಂದ "ಸೈಕಲ್ ಅಂತ ತಿಳಕೊಂಡಾರ" ಅಂದರು. ಅದು ನಾನಲ್ಲ, ಆದರೆ ಎಲ್ಲರೂ ನನ್ನ ಕಡೆ ನೋಡಿದರು.

ಆಮೇಲೆ ಅವಳು ಹಗ್ಗ ಹಿಡಿದು ಹತ್ತಿದಳು. ಮೊದಲ ದಿನವೆಂದು ಮಾಸ್ತರರು ಸ್ವಲ್ಪವೇ ಹೇಳಿದ್ದರು: ಒಂದು ಜೋಕಾಲಿ ಮೇಲೆ ಎರಡು ತೂಗು, ಆಮೇಲೆ ಕೈ ಬಿಟ್ಟು ಜಮಖಾನೆಗೆ ಬೀಳು, ಅಷ್ಟೇ. ಸುತ್ತಲೂ ನಾವು ಕುಣಿಕೆ ಹಿಡಿದು ನಿಂತಿದ್ದೆವು. ನಾನು ಅವಳ ತಂದೆಯ ಪಕ್ಕದಲ್ಲಿದ್ದೆ. ಅವರು ಕುಣಿಕೆಯನ್ನು ಮಣಿಕಟ್ಟಿಗೆ ಒಂದು ಸುತ್ತು ಸುತ್ತಿಕೊಂಡು ತಲೆ ತಗ್ಗಿಸಿಬಿಟ್ಟರು. ಗದ್ದ ಎದೆಗೆ ಹತ್ತಿತ್ತು. ಮೇಲಿಂದ ಮಗಳು "ಅಬ್ಬಾ!" ಎಂದು ಅಪ್ಪನನ್ನು ಕರೆದಳು. ಅವರು ಜಮಖಾನೆಯ ಪಟ್ಟಿಗಳನ್ನೇ ನೋಡುತ್ತ "ಹಾಂ" ಅಂದರು.

ಅವಳು ಎರಡು ತೂಗಿದಳು. ಮಾಸ್ತರರು "ಬಿಡು" ಅಂದರು. ಅವಳು ಬಿಡಲಿಲ್ಲ. ಮೂರನೆಯದು ತೂಗಿದಳು. ನಾನು ಬಿಡದಿದ್ದದ್ದಕ್ಕೂ ಅವಳು ಬಿಡದಿದ್ದದ್ದಕ್ಕೂ ಕಾರಣ ಒಂದೇ ಆಗಿರಲಿಲ್ಲ. ಮೂರನೆಯ ತೂಗಿನ ತುದಿಯಲ್ಲಿ ಅವಳು ಕೈ ಬಿಟ್ಟು, ಗಾಳಿಯಲ್ಲಿ ಮೈಯನ್ನು ಸುರುಳಿ ಮಾಡಿ, ತಿರುಗಿ, ಬಿಚ್ಚಿ, ಆಚೆಯ ಜೋಕಾಲಿಯನ್ನು ಹಿಡಿದಳು. ಪಾರಿವಾಳಗಳು ಎದ್ದವು. ಆ ಜೋಕಾಲಿ ಅವಳನ್ನು ಹೊತ್ತುಕೊಂಡು ತಗಡಿನ ಹತ್ತಿರಕ್ಕೆ ಹೋಗಿ ಬಂತು. ಮತ್ತೆ ಕೈ ಬಿಟ್ಟಳು, ಮತ್ತೆ ತಿರುಗಿದಳು, ಮೊದಲಿನ ಜೋಕಾಲಿಗೆ ಬಂದಳು. ಗಿರಣಿಯಲ್ಲಿ ಎಂಟು ತಾಸು ಕತ್ತು ಬಗ್ಗಿಸಿ ನಿಂತು ಬಂದ ಜನ ಕತ್ತು ಎತ್ತಿ ನಿಂತಿದ್ದರು. ಎಲ್ಲರ ಬಾಯಿ ತೆರೆದಿತ್ತು. ಮಾಸ್ತರರದೂ.

ಆಮೇಲೆ ಆದದ್ದನ್ನು ನಮ್ಮೂರಿನವರು ಮಾತ್ರ ಮಾಡಬಲ್ಲರು. ನಾಟಕ ಕಂಪನಿಗಳ ಊರು ಇದು. ಒಳ್ಳೆಯದು ಕಂಡರೆ ತಡೆದುಕೊಂಡು ಗೊತ್ತಿಲ್ಲ. ಅವಳು ಕೊನೆಯ ತೂಗಿನಲ್ಲಿ ಕೈ ಬಿಟ್ಟು, ಎರಡೂ ತೋಳು ಚಾಚಿ, ಬೆನ್ನಿನ ಮೇಲೆ ಬೀಳಲು ಹೊರಟ ಅದೇ ಕ್ಷಣಕ್ಕೆ ಎಲ್ಲರೂ ಚಪ್ಪಾಳೆ ಹೊಡೆದರು.

ಚಪ್ಪಾಳೆಗೆ ಎರಡು ಕೈ ಬೇಕು.

ಜಮಖಾನೆಯ ಮೂರು ಮಗ್ಗುಲು ಕೆಳಗೆ ಬಿದ್ದವು. ನಾಲ್ಕನೆಯ ಮಗ್ಗುಲಲ್ಲಿ ಒಬ್ಬರೇ ಹಿಂದಕ್ಕೆ ವಾಲಿ, ತಲೆ ತಗ್ಗಿಸಿ ನಿಂತಿದ್ದರು. ಅವಳು ಆ ಮಗ್ಗುಲಿಗೆ ಬಿದ್ದು, ಜಾರಿ, ಉರುಳಿ, ತಂದೆಯ ಕಾಲ ಬಳಿ ಬಂದು ನಿಂತಳು. ನಿಂತಳು ಅಂದರೆ ಕೂತಳು. ಎಡಗೈ ಮಣಿಕಟ್ಟು ಹೊರಳಿತ್ತು, ಗದ್ದ ಒಡೆದಿತ್ತು. ಚಪ್ಪಾಳೆಯ ಕೊನೆಯ ಒಂದೆರಡು ಸಪ್ಪಳ ಇನ್ನೂ ನಡೆದೇ ಇತ್ತು; ಹೊಡೆಯುತ್ತಿದ್ದವರಿಗೆ ನಿಲ್ಲಿಸಲು ಹೊತ್ತು ಬೇಕಾಯಿತು.

ಅವಳು ತಲೆ ಎತ್ತಿ ಕೇಳಿದಳು: "ಹೆಂಗ ಆತು?"

"ಏನು?"

"ನಾ ಹಾರಿದ್ದು."

"ನಾ ನೋಡಿಲ್ಲ."

ಬಿದ್ದಾಗ ಅಳದವಳು ಈಗ ಅತ್ತಳು.

ತಂದೆ ಮಣಿಕಟ್ಟಿನ ಕುಣಿಕೆ ಬಿಚ್ಚಿದರು. ಹಗ್ಗ ಸುತ್ತಿದಲ್ಲಿ ಚರ್ಮ ಸುಲಿದಿತ್ತು. ಜನರ ಕಡೆ ತಿರುಗಿದರು. ದನಿ ಏರಲಿಲ್ಲ. ಏರಿದ್ದರೆ ನಾನು ಅದನ್ನು ಮಾಡಬಹುದಿತ್ತು. ಏರದ ಆ ದನಿ ನನಗೆ ಇವತ್ತಿಗೂ ಬರುವುದಿಲ್ಲ.

"ಆಟಾ ನೋಡಾಕ ಬಂದೀರೇನು? ತಿಕೀಟು ತಗಸೀರೇನು?"

ಅವ್ವ ತನ್ನ ಎರಡು ಅಂಗೈಗಳನ್ನು ಯಾರದೋ ಅನ್ನುವಂತೆ ನೋಡಿಕೊಳ್ಳುತ್ತಿದ್ದಳು. ಅವರು ಮಗಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋದರು.

ಮಾಸ್ತರರು ಜಮಖಾನೆ ಸುತ್ತಿ ಗೋಡೆಗೆ ಒರಗಿಸಿಟ್ಟರು. "ಹಡದವರೂ ನೋಡತಾರ," ಅಂದರು, ತಮ್ಮಷ್ಟಕ್ಕೇ. ಮರುದಿನ ತಾಲೀಮು ಇಲ್ಲ ಅಂದರು, ಅದರ ಮರುದಿನವೂ ಇಲ್ಲ. ನಾವು ಸುಮ್ಮನೆ ಬಂದು ಅರಳೆಯ ಗುಡ್ಡೆಯ ಮೇಲೆ ಕೂತು ಹೋಗುತ್ತಿದ್ದೆವು. ನನಗೆ ಯಾರ ದನಿ ತೆಗೆಯಲೂ ಮನಸ್ಸಾಗಲಿಲ್ಲ. ಅವ್ವ ನನ್ನ ಹಣೆ ಮುಟ್ಟಿ ನೋಡಿ ಜ್ವರವಿಲ್ಲವೆಂದು ಖಾತ್ರಿ ಮಾಡಿಕೊಂಡಳು.

ಸೋಮವಾರ, ಪಾಳಿ ಬಿಟ್ಟು ಗಿರಣಿಯವರು ಬಂದು ಕೂತ ಹೊತ್ತಿಗೆ, ಅವಳ ತಂದೆ ಸೈಕಲ್ ನಿಲ್ಲಿಸಿ ಒಳಗೆ ಬಂದರು. ಹಿಂದೆ ಮಗಳು, ಕೈಗೆ ಪಟ್ಟಿ, ಗದ್ದಕ್ಕೆ ಅರಿಸಿನ. ಮಾಸ್ತರರು ಎದ್ದು ನಿಂತರು. ಬೈಯಿಸಿಕೊಳ್ಳುವವರು ನಿಲ್ಲುವಂತೆ ನಿಂತಿದ್ದರು.

"ಸುರು ಯಾಕ ಮಾಡಿಲ್ಲ?" ಅಂದರು ಅವರು.

"ಹೆಂಗ ಮಾಡ್ಲಿ? ನಿಮ್ಮ ಮಗಳು..."

"ಆಕಿ ಕೈ ವಾಸಿ ಆಗಾಕ ಇನ್ನೂ ದಿನಾ ಹಿಡೀತಾವ. ಅಲ್ಲೀ ತನಕ ಇವರಿಗೆ ಹಿಡ್ಯಾಕ ಬರಬೇಕು. ಮನ್ಯಾಗ ಇಟಗೊಂಡ್ರ ಇಕಿ ಚೌಕಟ್ಟಿಗೆ ಜೋತ ಬೀಳತಾಳ. ಅಲ್ಲೆ ಕೆಳಗ ಫರಸಿಕಲ್ಲು ಐತಿ. ತಗೀರಿ ಆ ಚೀಲ."

ಅವತ್ತಿನಿಂದ ಮತ್ತೆ ಹತ್ತಿಕಾಳಿನ ಚೀಲ. ಮಾಸ್ತರರು ಮೇಲಿಂದ ಕೆಡವುವರು, ಅವಳ ತಂದೆ ಕೆಳಗೆ ಸುತ್ತಲೂ ತಿರುಗುವರು. ಕಣ್ಣು ಎತ್ತಿದವರ ಗದ್ದವನ್ನು ಬೆರಳಿನಿಂದ ಕೆಳಗೊತ್ತುವರು, ವಯಸ್ಸಾದವರೆಂದು ನೋಡುತ್ತಿರಲಿಲ್ಲ. ಚೀಲವನ್ನು ಹಿಡಿಯುವುದು ಎಲ್ಲರಿಗೂ ಬಂದ ಮೇಲೆ ಅವರು ಒಂದು ಅಡಚಣೆ ಕಂಡರು. ಚೀಲಕ್ಕೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ಸುತ್ತ ನೋಡಿದರು. ಕಣ್ಣು ನನ್ನ ಮೇಲೆ ನಿಂತಿತು.

"ಏ ಬಹುರೂಪಿ. ಎಲ್ಲಾರಿಗೂ ಕಾಣೂ ಹಂಗ ಈ ಕಡೆ ನಿಲ್ಲು. ಏನೇನ ಬರತೈತಿ ಎಲ್ಲಾ ಮಾಡು. ಯಾರ ಕೈ ಬಿಡತೈತಿ ನೋಡೂಣು."

ನನ್ನ ಬಾಳಿನಲ್ಲಿ ಯಾರೂ ನನಗೆ ಹೀಗೆ ಹೇಳಿರಲಿಲ್ಲ. ಎಲ್ಲರೂ ಹೇಳಿದ್ದು ಇದರ ಉಲ್ಟಾ. ನಾನು ಆ ಮೂರು ವಾರ ಮಾಡಿದ ಕೆಲಸ ಮುಂದೆ ಎಲ್ಲಿಯೂ ಮಾಡಿಲ್ಲ. ಚೀಲ ಬೀಳುವ ಹೊತ್ತಿಗೆ ಸರಿಯಾಗಿ ಗಿರಣಿಯ ಮುಕಾದಮನಾಗಿ ಬೈದೆ. ಮೂವರು ಕುಣಿಕೆ ಬಿಟ್ಟು ಕೆಲಸಕ್ಕೆ ಓಡಲು ತಿರುಗಿದರು. ಅವರನ್ನು ಹೊರಗೆ ಕೂರಿಸಿದರು. ಧಾರವಾಡದ ಒಬ್ಬ ಸಾಲೆ ಮಾಸ್ತರರಾಗಿ, ಪ್ರತಿ ಶಬ್ದವನ್ನೂ ತೊಳೆದು ಒರೆಸಿ ಇಟ್ಟಂತೆ, ಹಡೆದವರ ಕರ್ತವ್ಯದ ಮೇಲೆ ಭಾಷಣ ಮಾಡಿದೆ. ವರ್ಕ್‌ಶಾಪಿನ ಮಗ್ಗುಲು ಪೂರ್ತಿ ಕುಸಿಯಿತು. ಅವತ್ತು ಅವ್ವನ ಜೊತೆ ಬಂದಿದ್ದ ಅಪ್ಪನ ಎದುರಿಗೆ ಅವ್ವ ಆಗಿ, ಅವ್ವನ ಎದುರಿಗೆ ಅಪ್ಪ ಆಗಿ ಮಾತಾಡಿದೆ. ಅವ್ವ ನಗು ತಡೆಯಲಾರದೆ ಬಾಯಿಗೆ ಸೆರಗು ಹಿಡಿದಳು, ಸೆರಗಿಗೆ ಕೈ ಬೇಕಾಯಿತು, ಹೊರಗೆ ಹೋಗಿ ಕೂತಳು. ದಿನದಿಂದ ದಿನಕ್ಕೆ ಹೊರಗೆ ಕೂರುವವರು ಕಡಿಮೆಯಾದರು. ಕೊನೆಗೆ ನಾನು ಉಳಿದದ್ದೊಂದನ್ನು ಮಾಡಿದೆ. ಅವಳ ತಂದೆಯಾದೆ. ಕುಣಿಕೆಗಳನ್ನು ಒಂದೊಂದಾಗಿ ಜಗ್ಗಿ, ಅವರ ಗದ್ದವನ್ನೇ ಬೆರಳಿನಿಂದ ಕೆಳಗೊತ್ತಿ, "ಟೂಬು ನಿಮ್ಮದಾದ್ರೂ ಗಾಳಿ ನಂದು" ಅಂದೆ. ಸುತ್ತಲೂ ಮುಖಗಳು ಕೆಂಪಾದವು, ಹೊಟ್ಟೆಗಳು ಅಲುಗಿದವು, ಕಣ್ಣಲ್ಲಿ ನೀರು ಬಂತು. ಚೀಲ ಬಿತ್ತು. ಒಂದು ಕೈಯೂ ಬಿಡಲಿಲ್ಲ.

"ಆತು," ಅಂದರು ಅವರು. ನಕ್ಕಿರಲಿಲ್ಲ. "ಈಗ ಆಕಿ ಹತ್ಲಿ."

ಅವಳು ಹತ್ತಿದಳು. ಪಟ್ಟಿ ಬಿಚ್ಚಿದ ಕೈ ಇನ್ನೂ ಬೆಳ್ಳಗಿತ್ತು. ಹಾರಿದಳು, ತಿರುಗಿದಳು, ಆಚೆಗೆ ಹೋದಳು, ಈಚೆಗೆ ಬಂದಳು. ಕೆಳಗೆ ಒಬ್ಬರೂ ಮೇಲೆ ನೋಡಲಿಲ್ಲ, ಹಗ್ಗದ ಕಿರುಗುಟ್ಟುವಿಕೆ ಮಾತ್ರ ಕೇಳುತ್ತಿತ್ತು. ನಾನು ಬದಿಗೆ ನಿಂತು ನಗಿಸುವ ಕೆಲಸದವನಾದ್ದರಿಂದ ಈಗಲೂ ಬದಿಗೇ ನಿಂತಿದ್ದೆ, ಕೈಯಲ್ಲಿ ಕುಣಿಕೆ ಇರಲಿಲ್ಲ. ಹಾಗಾಗಿ ಅವಳನ್ನು ನೋಡಿದವರು ಮಾಸ್ತರರು ಮತ್ತು ನಾನು, ಇಬ್ಬರೇ. ಅವಳು ಬಿದ್ದಳು. ಜಮಖಾನೆ ಸ್ವಲ್ಪ ಸೋತು, ಅವಳನ್ನು ತೆಗೆದುಕೊಂಡಿತು.

ಪಸಂದ ಬಂತೋ ಇಲ್ಲವೋ ಅವಳ ತಂದೆ ಹೇಳಲಿಲ್ಲ. ಮರುದಿನ ಬಂದರು. ಅದರ ಮರುದಿನವೂ ಬಂದರು. ಆ ಹೊತ್ತಿಗೆ ಅಂಗಡಿ ಮುಚ್ಚುತ್ತಿದ್ದರು, ಗಿರಾಕಿಗಳು ಬೈದುಕೊಳ್ಳುತ್ತಿದ್ದರು.

ಕೆಲವು ದಿನಗಳ ಮೇಲೆ ನಾನು ಅವರ ಅಂಗಡಿಯ ಮುಂದೆ ಹೋಗುತ್ತಿದ್ದೆ. "ಏ, ಬಾ ಇಲ್ಲೆ," ಅಂದರು. ಒಳಗೆ ಕರೆದು, ಆಚೀಚೆ ನೋಡಿ, ಅರ್ಧ ಬಾಗಿಲು ಎಳೆದುಕೊಂಡರು.

"ನೀ ನೋಡೀದಿ ಹೌದಲ್ಲೊ? ಆಕಿ ಹಾರೂದು?"

"ದಿನಾ ನೋಡತೇನ್ರಿ."

"ನನಗ ಮ್ಯಾಲ ನೋಡಾಕ ಆಗೂದಿಲ್ಲ." ಅವರು ಕೈಯಲ್ಲಿದ್ದ ಅರಿವೆಯಿಂದ ಒರೆಸಿದ ಕೈಯನ್ನೇ ಮತ್ತೆ ಒರೆಸಿದರು. "ಮಾಡಿ ತೋರಸು."

ನಾನು ಊರಿನವರನ್ನೆಲ್ಲ ಮಾಡಿದವನು. ಅಂಗಡಿಯ ನಡುವೆ, ಟಾಯರುಗಳ ಕೆಳಗೆ ನಿಂತು, ಎರಡೂ ತೋಳು ಚಾಚಿದೆ. ಒಂದು ಕಾಲು ಎತ್ತಿದೆ. ಬಾಯಿಂದ ಹಗ್ಗದ ಸಪ್ಪಳ ಮಾಡಿದೆ. ಜಿಗಿದು ಒಂದು ಸುತ್ತು ತಿರುಗಿ ಪಂಪಿನ ಮೇಲೆ ಬಿದ್ದೆ.

ಅವರು ಒಂದು ಗಾಲಿಯನ್ನು ನೋಡುವಷ್ಟು ಲಕ್ಷ್ಯಕೊಟ್ಟು ನೋಡಿದರು.

"ಇಷ್ಟಽನ?"

"ಇಷ್ಟಽ ಅಲ್ರಿ. ಭಾಳ ಐತಿ. ನನಗ ಬರೂದಿಲ್ಲ."

ಅವರು ಪಂಪನ್ನು ಎತ್ತಿ ಬದಿಗಿಟ್ಟು ಜಾಗ ಮಾಡಿದರು.

"ಬರಲಿಲ್ಲಂದ್ರ ಅಡ್ಡಿ ಇಲ್ಲ," ಅಂದರು. "ಇನ್ನೊಮ್ಮೆ ಮಾಡು."